ನಾಸಿಕದಿಂದ ಎಲ್ಲೋರಕ್ಕೆ: ಗುಹೆಗಳ ದಾರಿಗೊಂದು ಕೈಪಿಡಿ

ಗುಹೆ ನೋಡಲೆಂದೇ ಜನ ದೇಶ ದಾಟಿ ಹೋಗುತ್ತಾರೆ. ಇಟಲಿಯ ಕಾಪ್ರಿ ದ್ವೀಪದ ನೀಲಿ ಗುಹೆಗೆ ಪುಟ್ಟ ದೋಣಿಯಲ್ಲಿ ತಲೆ ತಗ್ಗಿಸಿ ನುಸುಳಬೇಕು. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದ ಫಿಂಗಲ್ ಗುಹೆಯಲ್ಲಿ ಕಪ್ಪು ಕಲ್ಲಿನ ಕಂಬಗಳ ನಡುವೆ ಕಡಲು ಮೊರೆಯುತ್ತದೆ. ಇವೆರಡನ್ನೂ ಕೊರೆದದ್ದು ಸಮುದ್ರದ ನೀರು. ಫಿಂಗಲ್ ಗುಹೆಯ ಕಲ್ಲು ಬಸಾಲ್ಟ್, ಅಂದರೆ ಜ್ವಾಲಾಮುಖಿಯ ಲಾವಾ ಆರಿ ಗಟ್ಟಿಯಾದ ಕಲ್ಲು. ಅದೇ ಜಾತಿಯ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಮಹಾರಾಷ್ಟ್ರದ ಬಹುಪಾಲು ನೆಲವಾಯಿತು. ಇಲ್ಲಿ ಅದನ್ನು ಕೊರೆದದ್ದು ಮನುಷ್ಯರ ಉಳಿ ಮತ್ತು ಸುತ್ತಿಗೆ. ಕ್ರಿ.ಪೂ. 2ನೇ ಶತಮಾನದಲ್ಲಿ ಶುರುವಾದ ಆ ಕೆಲಸ ಕ್ರಿ.ಶ. 10ನೇ ಶತಮಾನದವರೆಗೂ ಈ ಸೀಮೆಯ ಒಂದಲ್ಲ ಒಂದು ಬೆಟ್ಟದಲ್ಲಿ ನಡೆದೇ ಇತ್ತು.

ಕನ್ನಡಿಗರಿಗೆ ಈ ದಾರಿ ಹಿಡಿಯಲು ಇನ್ನೊಂದು ಕಾರಣವೂ ಇದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇದೆ ಎಂದು 9ನೇ ಶತಮಾನದ ‘ಕವಿರಾಜಮಾರ್ಗ’ ಹೇಳುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕದ ಪಕ್ಕದ ತ್ರ್ಯಂಬಕೇಶ್ವರದಲ್ಲಿ. ಎಲ್ಲೋರದ ಕೈಲಾಸ ದೇವಾಲಯವನ್ನು ಕಟ್ಟಿಸಿದವರು, ಮುಂದೆ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ರಾಷ್ಟ್ರಕೂಟರು. ಹಾಗಾಗಿ ಬಾದಾಮಿ, ಪಟ್ಟದಕಲ್ಲುಗಳಲ್ಲಿ ಶುರುವಾದ ಒಂದು ಕಥೆಯ ಮುಂದಿನ ಅಧ್ಯಾಯ ಇಲ್ಲಿದೆ.

ಯಾವ ಕ್ರಮದಲ್ಲಿ ನೋಡಬೇಕು?

ಹೆಚ್ಚಿನ ಪ್ಯಾಕೇಜ್ ಪ್ರವಾಸಗಳಲ್ಲಿ ಶಿರಡಿ ಮುಗಿಸಿ ಎಲ್ಲೋರಕ್ಕೆ ಎರಡು ಗಂಟೆ, ಮರುದಿನ ಅಜಂತಾಕ್ಕೆ ಎರಡು ಗಂಟೆ ಕೊಟ್ಟು ವಾಪಸ್ ಕರೆತರುತ್ತಾರೆ. ಇದರಲ್ಲಿ ಕಾಲಿಗೆ ದಣಿವಾಗುತ್ತದೆಯೇ ಹೊರತು ಕಣ್ಣಿಗೇನೂ ದಕ್ಕುವುದಿಲ್ಲ. ಮೊದಲೇ ಕೈಲಾಸ ನೋಡಿದವರಿಗೆ ಆಮೇಲೆ ನೋಡುವ ಗುಹೆಗಳೆಲ್ಲ ಸಣ್ಣವಾಗಿ ಕಾಣುವುದೂ ಸಹಜ. ಗುಹೆಗಳು ಹುಟ್ಟಿದ ಕಾಲಕ್ರಮದಲ್ಲೇ ನೋಡುವುದು ಒಳ್ಳೆಯದು. ಮೊದಲು ನಾಸಿಕ, ನಂತರ ಅಜಂತಾ, ಆಮೇಲೆ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಊರ ಗುಹೆಗಳು, ಕೊನೆಗೆ ಎಲ್ಲೋರ. ಬರಿಯ ಕೋಣೆಯಾಗಿದ್ದ ಗುಹೆ ಚಿತ್ರಶಾಲೆಯಾಗಿ, ಶಿಲ್ಪಮಂಟಪವಾಗಿ, ಕಡೆಗೆ ಗುಹೆಯೆಂಬುದನ್ನೇ ಮೀರಿ ಬಯಲಿನಲ್ಲಿ ನಿಂತ ದೇವಾಲಯವಾದ ಬಗೆ ಆಗ ತಾನಾಗಿಯೇ ತಿಳಿಯುತ್ತದೆ. ಇಷ್ಟಕ್ಕೆ ಐದು ದಿನ ಬೇಕು. ನಾಲ್ಕೇ ದಿನ ಇದ್ದರೆ ದಾರಿಯ ಕೋಟೆಗಳನ್ನು ಬಿಡಿ, ಗುಹೆಗಳನ್ನು ಬಿಡಬೇಡಿ.

ನಾಸಿಕ: ಕಲ್ಲಿನ ಮೇಲಿನ ಲೆಕ್ಕಪತ್ರ

ನಾಸಿಕ ನಗರದಿಂದ ದಕ್ಷಿಣಕ್ಕೆ ಸುಮಾರು 8 ಕಿ.ಮೀ. ದೂರದಲ್ಲಿ, ಮುಂಬೈ–ಆಗ್ರಾ ಹೆದ್ದಾರಿಯ ಮಗ್ಗುಲಲ್ಲೇ ತ್ರಿರಶ್ಮಿ ಬೆಟ್ಟವಿದೆ. ಆಟೊದವರಿಗೆ ‘ಪಾಂಡವಲೇಣಿ’ ಎಂದರೆ ಸಾಕು. ಹೆಸರಿನಲ್ಲಿ ಪಾಂಡವರಿದ್ದರೂ ಇಲ್ಲಿರುವುದು ಬೌದ್ಧ ಭಿಕ್ಷುಗಳಿಗಾಗಿ ಕೊರೆದ 24 ಗುಹೆಗಳು. ಬೆಟ್ಟದ ಬುಡದಲ್ಲಿ ದಾದಾಸಾಹೇಬ್ ಫಾಳ್ಕೆ ಸ್ಮಾರಕವಿದೆ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ತಂದ ಫಾಳ್ಕೆಯವರು ಹುಟ್ಟಿದ್ದು ತ್ರ್ಯಂಬಕೇಶ್ವರದಲ್ಲಿ. ಸ್ಮಾರಕದ ಬಳಿ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಲು ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಬೆಳಗಿನ ಹೊತ್ತೇ ಒಳ್ಳೆಯದು, ಬಿಸಿಲೇರಿದರೆ ಮೆಟ್ಟಿಲು ಕಷ್ಟ.

ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಬ್ರಾಹ್ಮೀ ಶಾಸನಗಳು. 10ನೇ ಗುಹೆಯ ಜಗಲಿಯಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಮಾಡಿದ ದಾನಗಳ ವಿವರವಿದೆ. ಅವನು 3,000 ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ, ಅಂದರೆ ವೃತ್ತಿಸಂಘಗಳಲ್ಲಿ, ಇಟ್ಟ. ಎರಡು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಇನ್ನೊಂದು ಸಾವಿರಕ್ಕೆ ಮುಕ್ಕಾಲು. ಅಸಲನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿಯಿಂದ ಭಿಕ್ಷುಗಳಿಗೆ ಬಟ್ಟೆ ಮತ್ತು ಮೇಲುಖರ್ಚು ಸಾಗಬೇಕು. ನಮ್ಮ ದೇವಸ್ಥಾನಗಳ ಶಾಶ್ವತ ಪೂಜಾ ನಿಧಿಯ ಏರ್ಪಾಡೂ ಇದೇ ತಾನೆ!

3ನೇ ಗುಹೆಯ ಮುಂಭಾಗವನ್ನು ಆರು ಯಕ್ಷರು ಹೆಗಲ ಮೇಲೆ ಹೊತ್ತಂತೆ ಕೆತ್ತಿದ್ದಾರೆ. ಇದನ್ನು ದಾನ ಮಾಡಿದವಳು ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯ ತಾಯಿ ಗೌತಮಿ ಬಲಶ್ರೀ. ಮೊಮ್ಮಗ ಪುಲುಮಾವಿಯ ಆಳ್ವಿಕೆಯ 19ನೇ ವರ್ಷದಲ್ಲಿ ಆಕೆ ಬರೆಸಿದ, ಮಗನ ಪರಾಕ್ರಮವನ್ನು ಕೊಂಡಾಡುವ ದೀರ್ಘ ಶಾಸನ ಇಲ್ಲಿದೆ. ಗೌತಮೀಪುತ್ರನ ಚರಿತ್ರೆಯ ಬಹುಪಾಲು ನಿಂತಿರುವುದು ಇದರ ಮೇಲೆಯೇ. ಇದೇ ಗುಹೆಯ ಇನ್ನೊಂದು ಶಾಸನದಲ್ಲಿ ‘ವೈಜಯಂತಿ’ಯ ಸೇನಾ ಶಿಬಿರದಿಂದ ಹೊರಟ ಅಪ್ಪಣೆಯಿದೆ. ಅದು ನಮ್ಮ ಬನವಾಸಿಯೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 17ನೆಯದು ಉತ್ತರದಿಂದ ಬಂದ ಇಂದ್ರಾಗ್ನಿದತ್ತನೆಂಬ ಯವನನ ಕೊಡುಗೆ. 18ನೆಯದು ಚೈತ್ಯ, ಅಂದರೆ ಸ್ತೂಪವಿರುವ ಪೂಜಾಗೃಹ. 19ನೆಯದು ತೀರಾ ಚಿಕ್ಕದು, ಆದರೆ ಇಲ್ಲಿರುವುದರಲ್ಲೆಲ್ಲ ಹಳೆಯದು. ಎರಡು ಗಂಟೆಯಲ್ಲಿ ಎಲ್ಲವನ್ನೂ ನೋಡಿ ಇಳಿಯಬಹುದು.

ಮಧ್ಯಾಹ್ನ ಊರೊಳಗಿನ ಪಂಚವಟಿಗೆ ಹೋಗಬಹುದು. ಅಲ್ಲಿಯ ಸೀತಾಗುಹೆಗೆ ಬಗ್ಗಿ, ತೆವಳಿ ಇಳಿಯಬೇಕು. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು, ಮೊಣಕಾಲು ನೋವಿನವರು ಹೊರಗಿನಿಂದಲೇ ಕೈಮುಗಿಯುವುದು ಲೇಸು. ತ್ರ್ಯಂಬಕೇಶ್ವರ ನಾಸಿಕದಿಂದ ಸುಮಾರು 30 ಕಿ.ಮೀ. ದಾರಿಯಲ್ಲಿ ಸಿಗುವ ಅಂಜನೇರಿ ಬೆಟ್ಟದಲ್ಲಿ ಜೈನ ಗುಹೆಗಳಿವೆ. ಹನುಮ ಹುಟ್ಟಿದ್ದು ಇದೇ ಬೆಟ್ಟದಲ್ಲಿ ಎಂದು ಇಲ್ಲಿಯವರು ಹೇಳುತ್ತಾರೆ. ಆನೆಗೊಂದಿಯ ಅಂಜನಾದ್ರಿಯ ನೆನಪಾಗಿ ವಾದಕ್ಕಿಳಿಯಬೇಡಿ, ಬೆಟ್ಟ ಚೆನ್ನಾಗಿದೆ, ಹತ್ತಿ ನೋಡಿ.

ದಾರಿಯಲ್ಲಿ ಸಿಗುವ ಎರಡು

ನಾಸಿಕದಿಂದ ಸಂಭಾಜಿನಗರಕ್ಕೆ ಹೋಗುವಾಗ ಮನಮಾಡದ ಬಳಿ ಅಂಕಾಯಿ–ಟಂಕಾಯಿ ಎಂಬ ಜೋಡಿ ಕೋಟೆ ಬೆಟ್ಟಗಳು ಕಾಣುತ್ತವೆ. ಟಂಕಾಯಿಯ ಬುಡದ ಜೈನ ಗುಹೆಗಳಲ್ಲಿ ಬಾಗಿಲುವಾಡಗಳ ಕೆತ್ತನೆ, ಛತ್ತಿನ ಕಮಲಗಳು ಚೆಂದ. ಊರಿನಿಂದ ಸ್ವಲ್ಪವೇ ಹತ್ತಿದರೆ ಸಿಗುತ್ತವೆ.

ಎರಡನೆಯದು ಪಿತಳಖೋರಾ. ಇದು ಎಲ್ಲೋರದಿಂದ ಸುಮಾರು 40 ಕಿ.ಮೀ. ದೂರ, ಗೌತಾಳಾ ಅಭಯಾರಣ್ಯದ ಒಳಗಿದೆ. ಹತ್ತಿರದ ತಾಲ್ಲೂಕು ಕೇಂದ್ರದ ಹೆಸರು ‘ಕನ್ನಡ’. ದಾರಿಯ ಬೋರ್ಡುಗಳಲ್ಲಿ ಅದನ್ನೇ ಹಿಂಬಾಲಿಸಬೇಕು. ಕಣಿವೆಯೊಳಕ್ಕೆ ಮೆಟ್ಟಿಲಿಳಿದು, ತೊರೆ ದಾಟಿ ಹೋದರೆ ಕ್ರಿ.ಪೂ. ಕಾಲದಲ್ಲೇ ಕೊರೆಯತೊಡಗಿದ ಗುಹೆಗಳು ಸಿಗುತ್ತವೆ. ಜಗಲಿಯ ಕೆಳಗೆ ಸಾಲಾಗಿ ನಿಂತ ಆನೆಗಳು, ಬಾಗಿಲು ಕಾಯುವ ದ್ವಾರಪಾಲಕರು, ಕಂಬಗಳ ಮೇಲೆ ಅಳಿದುಳಿದ ಬಣ್ಣ ಇಲ್ಲಿವೆ. ಇಲ್ಲಿ ಸಿಕ್ಕ ಕುಳ್ಳ ಯಕ್ಷನ ವಿಗ್ರಹ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಕಡೆದವನು ಕೃಷ್ಣದಾಸನೆಂಬ ಅಕ್ಕಸಾಲಿಗ ಎಂದು ಅದರ ಕೈಯ ಮೇಲೆಯೇ ಬರೆದಿದೆ. ಕಾಡಿನ ನಡುವಿನ ಜಾಗವಾದ್ದರಿಂದ ನೀರು, ತಿಂಡಿ ನೀವೇ ಒಯ್ಯಬೇಕು. ಸ್ವಂತ ವಾಹನ ಇಲ್ಲದವರು, ಒಂಟಿಯಾಗಿ ಹೋಗುವವರು ಇದನ್ನು ಬಿಡಬಹುದು.

ಅಜಂತಾ: ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳಿ

ಸಂಭಾಜಿನಗರದಿಂದ ಅಜಂತಾ ಸುಮಾರು 100 ಕಿ.ಮೀ., ಪ್ರಯಾಣಕ್ಕೆ ಎರಡೂವರೆಯಿಂದ ಮೂರು ಗಂಟೆ ಬೇಕು. ಜಳಗಾಂವದ ಕಡೆಯಿಂದ ಬಂದರೆ 60 ಕಿ.ಮೀ. ಖಾಸಗಿ ವಾಹನಗಳನ್ನು ಫರ್ದಾಪುರದ ಬಳಿಯ ‘ಟಿ ಜಂಕ್ಷನ್’ನಲ್ಲಿ ನಿಲ್ಲಿಸಿ, ಉಳಿದ 4 ಕಿ.ಮೀ. ಅಲ್ಲಿಯ ಬಸ್ಸಿನಲ್ಲೇ ಹೋಗಬೇಕು. ಸೋಮವಾರ ರಜೆ.

ವಾಘೂರ್ ನದಿ ಕುದುರೆ ಲಾಳದ ಆಕಾರದಲ್ಲಿ ತಿರುಗುವ ಕಡೆ, ಬಂಡೆಯ ಮೈಯಲ್ಲಿ ಸುಮಾರು 30 ಗುಹೆಗಳಿವೆ. ಇವು ಎರಡು ಕಂತಿನಲ್ಲಿ ಆದವು. 9 ಮತ್ತು 10ನೆಯ ಚೈತ್ಯಗಳು ಕ್ರಿ.ಪೂ. ಕಾಲದವು. ಚಿತ್ರಗಳಿಂದ ಹೆಸರಾದ 1, 2, 16, 17 ಮುಂತಾದವು ಕ್ರಿ.ಶ. 5ನೇ ಶತಮಾನದವು, ವಾಕಾಟಕ ದೊರೆ ಹರಿಷೇಣನ ಕಾಲದ ಸಾಮಂತರು, ಮಂತ್ರಿಗಳು, ಭಿಕ್ಷುಗಳು ಮಾಡಿಸಿದವು. ಹರಿಷೇಣನ ನಂತರ ಕೆಲಸ ಬೇಗನೆ ನಿಂತಿತು. ಕಾಡು ಬೆಳೆದು ಮುಚ್ಚಿದ್ದ ಕಣಿವೆ 1819ರ ಏಪ್ರಿಲ್ 28ರಂದು ಹುಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಬಿತ್ತು. 10ನೇ ಗುಹೆಯ ಕಂಬದ ಚಿತ್ರವೊಂದರ ಮೇಲೆ ಅವನು ಗೀಚಿದ ತನ್ನ ಹೆಸರು ಇಂದಿಗೂ ಇದೆ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮೊದಲು 1, 2, 16, 17 ನೋಡಿಬಿಡಿ. ಜನ ಹೆಚ್ಚಾದಂತೆ ಈ ನಾಲ್ಕರಲ್ಲಿ ಸಾಲು ಬೆಳೆಯುತ್ತದೆ. ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಒಂದು ಕಂಬದ ಪಕ್ಕ ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಕತ್ತಲಿಗೆ ಒಗ್ಗಿ, ಗೋಡೆಯಿಂದ ಮುಖಗಳು ಒಂದೊಂದಾಗಿ ಮೂಡುತ್ತವೆ. ಮೊಬೈಲ್ ಟಾರ್ಚನ್ನು ಚಿತ್ರಗಳ ಮೇಲೆ ಬಿಡಬೇಡಿ. ಫ್ಲ್ಯಾಶ್ ಹಾಕುವುದಂತೂ ನಿಷಿದ್ಧ. ಮಣ್ಣು, ಹೊಟ್ಟು ಬೆರೆಸಿದ ಗಾರೆಯ ಮೇಲೆ ಸುಣ್ಣದ ತೆಳು ಪದರ ಕೊಟ್ಟು, ಅದು ಒಣಗಿದ ಮೇಲೆ ಬರೆದ ಚಿತ್ರಗಳಿವು. ತೇವ, ಬಿಸಿ, ಬೆಳಕು ಮೂರೂ ಇವಕ್ಕೆ ಶತ್ರು.

1ನೆಯದರಲ್ಲಿ ಗರ್ಭಗೃಹದ ಎರಡು ಬದಿ ಪದ್ಮಪಾಣಿ, ವಜ್ರಪಾಣಿಯರಿದ್ದಾರೆ. 2ನೆಯದರಲ್ಲಿ ತಲೆಯೆತ್ತಿ ಛತ್ತು ನೋಡಿ. 16ನೆಯದರಲ್ಲಿ ಗಂಡ ಸನ್ಯಾಸಿಯಾದ ಸುದ್ದಿ ಕೇಳಿ ಕುಸಿದ ಸುಂದರಿಯ ಚಿತ್ರವಿದೆ. 17ರಲ್ಲಿ ಸಿಂಹಲನ ಕಥೆ ಗೋಡೆ ತುಂಬ ಹರಡಿದೆ. ಶಿಲ್ಪಕ್ಕೆ 19ನೆಯದರ ಮುಖಮಂಟಪ. ಕೊನೆಯಲ್ಲಿ 26ನೆಯದು, ಅಲ್ಲಿ ಪರಿನಿರ್ವಾಣದ ಬುದ್ಧ ಸುಮಾರು 7 ಮೀಟರ್ ಉದ್ದಕ್ಕೆ ಮಲಗಿದ್ದಾನೆ. ಕೆಳಗೆ ಶಿಷ್ಯರು ಅಳುತ್ತಿದ್ದರೆ ಮೇಲೆ ದೇವತೆಗಳು ಸಂಭ್ರಮಿಸುತ್ತಿದ್ದಾರೆ. ದಣಿದವರು ಇದೊಂದನ್ನು ಬಿಟ್ಟು ಹಿಂದಿರುಗುವುದೇ ಹೆಚ್ಚು. ಹಾಗೆ ಮಾಡಬೇಡಿ, ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ.

1ನೇ ಗುಹೆಯ ಒಂದು ಚಿತ್ರ ತೋರಿಸಿ, ಇಮ್ಮಡಿ ಪುಲಕೇಶಿಯ ಆಸ್ಥಾನಕ್ಕೆ ಪರ್ಷಿಯಾದ ರಾಯಭಾರಿ ಬಂದ ದೃಶ್ಯ ಎಂದು ಗೈಡ್‌ಗಳು ಹೇಳುವುದುಂಟು. ನಮ್ಮ ಹಲವು ಪಠ್ಯಪುಸ್ತಕಗಳಲ್ಲೂ ಇದು ಬಂದಿದೆ. ಆದರೆ ಚಿತ್ರ 5ನೇ ಶತಮಾನದ್ದು, ಪುಲಕೇಶಿ ಆಳಿದ್ದು 7ನೇ ಶತಮಾನದಲ್ಲಿ. ಹಾಗಾಗಿ ಇಂದಿನ ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಅಜಂತಾಕ್ಕೂ ನಮಗೂ ಇರುವ ಗಟ್ಟಿ ನಂಟು ಬೇರೆಯದೇ. ಚಿತ್ರಕಾರ ರಾಬರ್ಟ್ ಗಿಲ್ ಇಲ್ಲಿ ವರ್ಷಗಟ್ಟಲೆ ಕೂತು ಮಾಡಿದ ಪ್ರತಿಚಿತ್ರಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನ ಬೆಂಕಿಯಲ್ಲಿ ಸುಟ್ಟುಹೋದವು. 1909–11ರಲ್ಲಿ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಮತ್ತೆ ಆ ಕೆಲಸ ಕೈಗೆತ್ತಿಕೊಂಡಾಗ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಅವರೊಂದಿಗೆ ತಂಡದಲ್ಲಿ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಇಟ್ಟಿರುವುದು ಅವರದೇ ಹೆಸರು. ಭಿತ್ತಿಚಿತ್ರದಲ್ಲಿ ಆಸಕ್ತಿ ಇರುವವರಿಗೆ ಚೀನಾದ ದುನ್‌ಹುವಾಂಗ್‌ನ ಮೊಗಾವೊ ಗುಹೆಗಳು ಮುಂದಿನ ಗುರಿಯಾಗಬಹುದು. ಬೌದ್ಧ ಗುಹಾಚಿತ್ರಗಳ ಪರಂಪರೆ ಅಲ್ಲಿ ಇನ್ನೂ ಹಲವು ಶತಮಾನ ಮುಂದುವರಿಯಿತು.

ಊರ ಪಕ್ಕದ ಗುಹೆಗಳು

ಸಂಭಾಜಿನಗರಕ್ಕೆ ಬಂದವರೆಲ್ಲ ಬೀಬಿ ಕಾ ಮಕ್ಬರಾ ನೋಡುತ್ತಾರೆ. ಅಲ್ಲಿಂದ ಕೆಲವೇ ಕಿ.ಮೀ. ದೂರದ ಗುಡ್ಡದಲ್ಲಿರುವ ಔರಂಗಾಬಾದ್ ಗುಹೆಗಳಿಗೆ ಹೋಗುವವರು ಕಡಿಮೆ. ಮುಖ್ಯವಾದವು ಎರಡು ಗುಂಪು: 1ರಿಂದ 5 ಪಶ್ಚಿಮಕ್ಕೆ, 6ರಿಂದ 9 ಪೂರ್ವಕ್ಕೆ. ಪಶ್ಚಿಮದ 3ನೇ ಗುಹೆಯಲ್ಲಿ ಬುದ್ಧನ ಎದುರು ಆಳೆತ್ತರದ ಭಕ್ತರು ಮಂಡಿಯೂರಿ ಕೂತಿದ್ದಾರೆ, ಒಬ್ಬೊಬ್ಬರ ತಲೆಗೂದಲ ವಿನ್ಯಾಸವೂ ಬೇರೆ. ಪೂರ್ವದ 7ನೆಯದರಲ್ಲಿ ಬೆಂಕಿ, ಕಳ್ಳರು, ಹಡಗು ಒಡೆಯುವುದು ಮುಂತಾದ ಎಂಟು ಭಯಗಳಿಂದ ಕಾಪಾಡುವ ಅವಲೋಕಿತೇಶ್ವರನಿದ್ದಾನೆ, ಗರ್ಭಗೃಹದ ಗೋಡೆಯಲ್ಲಿ ವಾದ್ಯಗಾರ್ತಿಯರ ನಡುವೆ ಒಬ್ಬಳು ನರ್ತಕಿಯಿದ್ದಾಳೆ. 6–7ನೇ ಶತಮಾನದ ಈ ಗುಹೆಗಳನ್ನು ನೋಡಿದವರಿಗೆ ಅಜಂತಾದ ಬುದ್ಧ ಎಲ್ಲೋರಕ್ಕೆ ಹೇಗೆ ಬಂದ ಎಂಬುದು ಸ್ಪಷ್ಟವಾಗುತ್ತದೆ. ಇಳಿಹೊತ್ತಿನಲ್ಲಿ ಹೋದರೆ ಊರೆಲ್ಲ ಕಾಲಡಿಗೆ ಕಾಣುತ್ತದೆ.

ಎಲ್ಲೋರ: ಮೇಲಿನಿಂದ ಕೆಳಕ್ಕೆ

ನಗರದಿಂದ ಎಲ್ಲೋರ ಸುಮಾರು 30 ಕಿ.ಮೀ. ಮರಾಠಿಯಲ್ಲಿ ಊರಿನ ಹೆಸರು ‘ವೇರೂಳ’. ಮಂಗಳವಾರ ರಜೆ. ದಾರಿಯಲ್ಲಿ ಸಿಗುವ ದೌಲತಾಬಾದ್ ಕೋಟೆಯೇ ಸೇವುಣರ ದೇವಗಿರಿ. ಹೊಯ್ಸಳರಿಗೆ ಎದುರಾಳಿಗಳಾಗಿದ್ದ ಸೇವುಣರು ಕನ್ನಡದಲ್ಲೂ ಶಾಸನ ಬರೆಸಿದವರು. ಕೋಟೆ ಹತ್ತುವ ಮನಸ್ಸಿದ್ದರೆ ಅದಕ್ಕೆ ಬೇರೆಯೇ ಅರ್ಧ ದಿನ ಇಡಿ.

ಎಲ್ಲೋರದಲ್ಲಿ ಪ್ರವಾಸಿಗರಿಗೆ ತೆರೆದಿರುವ, ಸಂಖ್ಯೆ ಹಾಕಿದ ಗುಹೆಗಳು 34. ದಕ್ಷಿಣದಿಂದ ಉತ್ತರಕ್ಕೆ 1ರಿಂದ 12 ಬೌದ್ಧ, 13ರಿಂದ 29 ವೈದಿಕ, 30ರಿಂದ 34 ಜೈನ ಗುಹೆಗಳು. ಅಜಂತಾದಂತೆ ಇದೂ 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೇಟು ದಾಟಿದರೆ ಎದುರಿಗೇ 16ನೆಯದಾದ ಕೈಲಾಸ. ಎಲ್ಲರೂ ಅದರೊಳಕ್ಕೆ ನುಗ್ಗುತ್ತಾರೆ. ನೀವು ತಿರುಗಿ ವಾಹನ ಹಿಡಿದು ಮೊದಲು ಉತ್ತರದ ಜೈನ ಗುಹೆಗಳಿಗೆ ಹೋಗಿ. 32ನೆಯ ಇಂದ್ರಸಭಾದಲ್ಲಿ ಮೈಗೆ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿ ಇದ್ದಾನೆ. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಂತ 981ಕ್ಕಿಂತ ಹಳೆಯವನು ಇವನು. 33ನೆಯ ಜಗನ್ನಾಥಸಭಾದ ಕಂಬಗಳ ಮೇಲೆ ಹಳಗನ್ನಡದ ಶಾಸನಗಳ ತುಣುಕುಗಳಿವೆ. ಸವೆದ ಆ ಅಕ್ಷರಗಳನ್ನು ಹುಡುಕುವುದು ಕನ್ನಡಿಗರಿಗೆ ಒಂದು ಖುಷಿ.

ಅಲ್ಲಿಂದ ದಕ್ಷಿಣಕ್ಕೆ ಬರುತ್ತ 29ನೆಯ ಧುಮಾರ ಲೇಣಿ (ಮಳೆಗಾಲದಲ್ಲಿ ಇದರ ಪಕ್ಕದಲ್ಲೇ ಜಲಪಾತ), ಬಾಗಿಲಲ್ಲಿ ಚೆಲುವೆ ಗಂಗೆ ನಿಂತಿರುವ 21ನೆಯ ರಾಮೇಶ್ವರ, 15ನೆಯ ದಶಾವತಾರ ನೋಡಿ. ದಶಾವತಾರದ ಅಂಗಳದ ಮಂಟಪದಲ್ಲಿ ಬಾದಾಮಿ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟ ರಾಜ್ಯ ಕಟ್ಟಿದ ದಂತಿದುರ್ಗನ ಶಾಸನವಿದೆ. ಬೌದ್ಧ ಗುಹೆಗಳಲ್ಲಿ ಮೂರು ಅಂತಸ್ತಿನ 12ನೆಯದು, ಮರದ ತೊಲೆಗಳನ್ನೇ ಕಲ್ಲಿನಲ್ಲಿ ಕೆತ್ತಿದಂತಿರುವ 10ನೆಯ ವಿಶ್ವಕರ್ಮ ಚೈತ್ಯ ಇವೆರಡನ್ನು ಬಿಡಬೇಡಿ.

ಕೈಲಾಸಕ್ಕೆ ಮಧ್ಯಾಹ್ನ ಮೂರರ ಮೇಲೆ ಬನ್ನಿ. ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಆಗಲೇ ಅದರ ಮೈಮೇಲೆ ಬೆಳಕು. ಇದನ್ನು ಕಟ್ಟಿಸಿದವನು ದಂತಿದುರ್ಗನ ಚಿಕ್ಕಪ್ಪ ಒಂದನೇ ಕೃಷ್ಣ (756–773). ಬೆಟ್ಟದ ಇಳಿಜಾರಿನಲ್ಲಿ ಮೂರು ಕಡೆ ಆಳದ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಶುರುಮಾಡಿ ಕೆಳಕ್ಕೆ ಕೆತ್ತುತ್ತ ಬಂದರು. ಅಂಗಳ ಸುಮಾರು 82 ಮೀಟರ್ ಉದ್ದ, 46 ಮೀಟರ್ ಅಗಲ, ಹಿಂಬದಿಯ ಬಂಡೆ ಸುಮಾರು 30 ಮೀಟರ್ ಎತ್ತರ. ತೆಗೆದುಹಾಕಿದ ಕಲ್ಲು ಲಕ್ಷಗಟ್ಟಲೆ ಟನ್ನು. ಮೇಲಿನಿಂದ ಕೆಳಕ್ಕೆ ಕೆತ್ತುವಾಗ ಅಟ್ಟಣಿಗೆ ಬೇಕಿಲ್ಲ, ಆದರೆ ತಪ್ಪಿದರೆ ತಿದ್ದಲು ಇನ್ನೊಂದು ಕಲ್ಲೂ ಇಲ್ಲ. ಕ್ರಿ.ಶ. 812ರ ವಡೋದರಾ ತಾಮ್ರಪಟದಲ್ಲಿ ಏಲಾಪುರದ ಈ ಗುಡಿಯ ಪ್ರಸ್ತಾಪವಿದೆ. ಇದನ್ನು ಕಂಡು ದೇವತೆಗಳೇ ಬೆರಗಾದರು, ಕಟ್ಟಿದ ಶಿಲ್ಪಿಗೇ ತಾನಿದನ್ನು ಹೇಗೆ ಮಾಡಿದೆನೋ ಎಂದು ಅಚ್ಚರಿಯಾಯಿತು ಎಂಬುದು ಅಲ್ಲಿನ ಬಣ್ಣನೆ.

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಿದವರಿಗೆ ಇದರ ವಿನ್ಯಾಸ ಕೂಡಲೇ ಪರಿಚಯವೆನಿಸುತ್ತದೆ. ಅದನ್ನು ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಕೈಲಾಸಕ್ಕಿಂತ ಕೆಲವೇ ದಶಕ ಮೊದಲು. ಅದೇ ನಂದಿಮಂಟಪ, ಅದೇ ಸಭಾಮಂಟಪ, ಅದೇ ದ್ರಾವಿಡ ಶಿಖರ ಇಲ್ಲಿ ಇನ್ನಷ್ಟು ಹಿರಿದಾಗಿ, ಒಂದೇ ಬಂಡೆಯಲ್ಲಿ ಬಂದಿವೆ. ದಕ್ಷಿಣ ಬದಿಯಲ್ಲಿ ಕೈಲಾಸವನ್ನೆತ್ತಲು ಹೆಣಗುವ ರಾವಣ, ಬುಡದಲ್ಲಿ ಗುಡಿಯನ್ನೇ ಹೊತ್ತ ಆನೆಗಳ ಸಾಲು, ಗೋಡೆಯಲ್ಲಿ ರಾಮಾಯಣ–ಮಹಾಭಾರತದ ಪಟ್ಟಿಕೆಗಳನ್ನು ನಿಧಾನವಾಗಿ ಸುತ್ತಿ ನೋಡಿ. ಹೀಗೆ ನೆಲದೊಳಕ್ಕೆ ಕೊರೆದು ಪೂಜಾಸ್ಥಳ ಬಿಡಿಸಿದ ಇನ್ನೊಂದು ದೊಡ್ಡ ಉದಾಹರಣೆ ಇಥಿಯೋಪಿಯಾದ ಲಾಲಿಬೆಲದ 11 ಚರ್ಚುಗಳು. ಅವುಗಳ ಕಾಲವನ್ನು ಸಾಮಾನ್ಯವಾಗಿ ಹೇಳುವುದು 12–13ನೇ ಶತಮಾನ, ಅಂದರೆ ಕೈಲಾಸದ ನಂತರ ನಾಲ್ಕು ಶತಮಾನ.

ಒಂದು ಕಿ.ಮೀ. ಆಸುಪಾಸಿನಲ್ಲೇ ಘೃಷ್ಣೇಶ್ವರ ಜ್ಯೋತಿರ್ಲಿಂಗವಿದೆ. ಈಗಿನ ಗುಡಿ ಅಹಲ್ಯಾಬಾಯಿ ಹೋಳ್ಕರ್ ಕಾಲದ ಜೀರ್ಣೋದ್ಧಾರ. ಗಂಡಸರು ಗರ್ಭಗುಡಿಗೆ ಅಂಗಿ ತೆಗೆದು ಹೋಗಬೇಕು.

ಹೋಗುವುದು ಹೇಗೆ?

ರೈಲು: ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಸೊಲ್ಲಾಪುರ ಮಾರ್ಗವಾಗಿ ಮನಮಾಡಕ್ಕೆ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ನಾಸಿಕ ರೋಡ್ ಸುಮಾರು 73 ಕಿ.ಮೀ., ಪೂರ್ವಕ್ಕೆ ಸಂಭಾಜಿನಗರ ಸುಮಾರು 113 ಕಿ.ಮೀ. ಎರಡೂ ಕಡೆಗೆ ರೈಲುಗಳಿವೆ.

ರಸ್ತೆ: ಹುಬ್ಬಳ್ಳಿ, ವಿಜಯಪುರದ ಕಡೆಯವರಿಗೆ ರಾಷ್ಟ್ರೀಯ ಹೆದ್ದಾರಿ 52 ನೇರ ದಾರಿ. ಅದು ಸೊಲ್ಲಾಪುರ, ಧಾರಾಶಿವ, ಬೀಡ್ ಮೂಲಕ ಸಂಭಾಜಿನಗರ ಮುಟ್ಟುತ್ತದೆ. ಈ ದಾರಿಯಲ್ಲಿ ಬರುವವರು ಮೊದಲು ನಾಸಿಕಕ್ಕೆ ಹೋಗಿ ಹಿಂದಿರುಗುವುದು ಸುತ್ತು ಎನಿಸಿದರೆ, ಅಜಂತಾದಿಂದಲೇ ಶುರುಮಾಡಿ ನಾಸಿಕವನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಬಸ್ಸು: ಸಂಭಾಜಿನಗರದ ಮಧ್ಯವರ್ತಿ ಬಸ್ ನಿಲ್ದಾಣದಿಂದ ಎಲ್ಲೋರಕ್ಕೆ, ಅಜಂತಾ ದಾರಿಯ ಜಳಗಾಂವಕ್ಕೆ ಎಸ್.ಟಿ. ಬಸ್ಸುಗಳಿವೆ. 2023ರಲ್ಲಿ ಹೆಸರು ಬದಲಾದರೂ ಹಳೆಯ ಫಲಕ, ನಕ್ಷೆಗಳಲ್ಲಿ ‘ಔರಂಗಾಬಾದ್’ ಎಂದೇ ಇರುತ್ತದೆ, ಗಲಿಬಿಲಿ ಬೇಡ.

ಊಟ: ನಾಸಿಕದಲ್ಲಿ ಮಿಸಳ್ ಪಾವ್ ತಿನ್ನದೆ ಬರಬೇಡಿ. ಸಂಭಾಜಿನಗರದಲ್ಲಿ ಮಾಂಸಾಹಾರಿಗಳಿಗೆ ನಾನ್ ಖಲಿಯಾ ಇದೆ. ದಾರಿಯ ಧಾಬಾಗಳ ಪಿಠ್ಲ–ಭಾಕರಿ ಉತ್ತರ ಕರ್ನಾಟಕದವರಿಗೆ ಮನೆಯ ಊಟವೇ.

ಗಮನದಲ್ಲಿರಲಿ

• ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೆಟ್ಟಗಳು ಹಸಿರು, ಮೆಟ್ಟಿಲುಗಳು ಜಾರು. ಏಪ್ರಿಲ್–ಮೇ ತಿಂಗಳಲ್ಲಿ ಬಂಡೆಯ ಕಾವು ತಡೆಯಲಾಗದು.

• ಸೋಮವಾರ ಅಜಂತಾ, ಮಂಗಳವಾರ ಎಲ್ಲೋರ ಮುಚ್ಚಿರುತ್ತವೆ. ಆ ಎರಡು ದಿನಗಳನ್ನು ನಾಸಿಕಕ್ಕೆ ಮತ್ತು ಪ್ರಯಾಣಕ್ಕೆ ಇಟ್ಟುಕೊಂಡು, ವಾರದ ನಡುವೆ ಗುಹೆ ನೋಡಿದರೆ ಗದ್ದಲವೂ ಕಡಿಮೆ.

• ಪ್ರವೇಶದ ಟಿಕೆಟ್ ಪುರಾತತ್ವ ಇಲಾಖೆಯ ಜಾಲತಾಣದಲ್ಲೂ ಸಿಗುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಉಚಿತ.

• 2027ರಲ್ಲಿ ನಾಸಿಕ–ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳ ನಡೆಯಲಿದೆ. ಆ ವರ್ಷ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಗುಹೆಗಾಗಿ ಹೋಗುವವರಿಗೆ ವಸತಿ ಸಿಗುವುದು ಕಷ್ಟ.

• ಚಿತ್ರವಿರುವ ಗುಹೆಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಸುಲಭವಾಗಿ ಕಳಚುವ ಪಾದರಕ್ಷೆ, ಕಾಲುಚೀಲ ಇರಲಿ.

• ಬಂಡೆಗಳಲ್ಲಿ ಹೆಜ್ಜೇನಿನ ಗೂಡುಗಳಿರುತ್ತವೆ. ಗಾಢ ಸುಗಂಧ, ಹೊಗೆ, ಕೂಗಾಟ ಬೇಡ. ಕೋತಿಗಳ ಎದುರು ತಿಂಡಿಯ ಪೊಟ್ಟಣ ಬಿಚ್ಚಬೇಡಿ.

• ಗೋಡೆ ಮುಟ್ಟಬೇಡಿ, ಹೆಸರು ಕೆತ್ತಬೇಡಿ. ಆ ಕೆಲಸಕ್ಕೆ ಜಾನ್ ಸ್ಮಿತ್ ಒಬ್ಬನೇ ಸಾಕು.

ಕಡೆಯ ಮಾತು: ಕೈಲಾಸ ಪೂರ್ತಿ ದಕ್ಕುವುದು ಅದರ ಹಿಂದಿನದನ್ನು ನೋಡಿ ಬಂದವರಿಗೆ. ಪಟ್ಟದಕಲ್ಲಿಗೆ ಇನ್ನೂ ಹೋಗದವರು ಮೊದಲು ಒಂದು ಭಾನುವಾರ ಅಲ್ಲಿಗೆ ಹೋಗಿ ವಿರೂಪಾಕ್ಷನ ಗುಡಿಯನ್ನು ಸಾವಕಾಶವಾಗಿ ಸುತ್ತಿ ಬನ್ನಿ. ಎಲ್ಲೋರಕ್ಕೆ ಟಿಕೆಟ್ ತೆಗೆಸುವುದು ಆಮೇಲೆ.